ಕೆಂಪು ಬಣ್ಣದ ತಿರುಪು

ಹಳೇ ಜೀಪಿನ ಅಡಿಯಲ್ಲಿ ಮಲಗಿ ಮಲಗಿ ಟೈಲರ್ ಅಕ್ಕನ ಬೆನ್ನು ಬಿದ್ದುಹೋಗಿತ್ತು. ಸೀಲು, ಗ್ರೀಸು, ಕೊನೆಗೆ ಬಣ್ಣ, ರಿಪೇರಿಯೆಲ್ಲ ಅವಳ ಕೈಯದೇ. “ಗುಜರಿಗೆ ಹಾಕಕ್ಕಾ, ಪೀಡೆ ತೊಲಗಲಿ” ಎಂದು ತಮ್ಮ ದಿನಾ ಗೊಣಗುತ್ತಿದ್ದ.

ಇವತ್ತು ಪರೀಕ್ಷೆ! ಹಿತ್ತಿಲಿನ ಮಣ್ಣುದಿಬ್ಬಕ್ಕೆ ಗಾಡಿ ತಿರುಗಿಸಿ ಅಕ್ಕ ನಾಲ್ಕೂ ಚಕ್ರ ಎಳೆಯಲೆಂದು ಫೋರ್‌ವೀಲ್ ಲಿವರ್ ಎಳೆದಳು. ಹಿಂದಿನ ಚಕ್ರಗಳು ಮಣ್ಣು ಎರಚಿದವು. ಮುಂದಿನವು ಜಪ್ಪಯ್ಯ ಅಂದರೂ ತಿರುಗಲಿಲ್ಲ.

“ಗೇರ್‌ಬಾಕ್ಸೇ ಬಿಚ್ಬೇಕು. ನಾ ಹೇಳ್ಲಿಲ್ವಾ?” ತಮ್ಮ ಹಲ್ಲು ಕಿರಿದ.

“ಬಾಯ್ಮುಚ್ಚು!” ಅಕ್ಕ ಕೆಳಗೆ ಧುಮುಕಿದಳು. ಮುಂದಿನ ಚಕ್ರದ ನಡುವೆ ತಾನೇ ಬಳಿದ ಕೆಂಪು ಬಣ್ಣ ಫಳಫಳ ಹೊಳೆಯುತ್ತಿತ್ತು. ಹಣೆ ಚಚ್ಚಿಕೊಂಡಳು. ಆ ಚಕ್ರಗಳು ಎಳೆಯಬೇಕಾದರೆ ಅಲ್ಲಿರುವ ತಿರುಪನ್ನು ಮೊದಲು ಕೈಯಲ್ಲಿ ತಿರುಗಿಸಿ ಲಾಕ್ ಮಾಡಬೇಕು. ಅಂದ ಮಾಡುವ ಭರದಲ್ಲಿ ಅದಕ್ಕೂ ಬಣ್ಣ ಮೆತ್ತಿ, ಅದು ಇರುವುದನ್ನೇ ಮರೆತಿದ್ದಳು!

ಯಾರಿಗೂ ಮುಟ್ಟಗೊಡದ ಬಟ್ಟೆಯ ಕತ್ತರಿಯನ್ನೇ ತಂದು ಬಣ್ಣ ಕೆರೆದಳು. ಎರಡೂ ಚಕ್ರಗಳ ತಿರುಪು ತಿರುಗಿಸಿದಳು. ಟಕ್! ಟಕ್! ಹತ್ತಿ ಕೂತು ಆಕ್ಸಿಲರೇಟರ್ ಒತ್ತಿದ್ದೇ ತಡ, ಜೀಪು ಗುಡುಗುತ್ತ ದಿಬ್ಬದ ನೆತ್ತಿಗೇರಿತು.

ತಮ್ಮ ಏದುಸಿರು ಬಿಡುತ್ತ ಹಿಂದೆಯೇ ಓಡಿಬಂದ. “ಅಕ್ಕಾ, ಅಕ್ಕಾ, ನಂಗೂ ಒಂದು ರೌಂಡು!”

“ಗುಜರಿಯವನ್ನ ಕೇಳ್ಕೊಂಡು ಬಾ ಹೋಗು” ಎಂದು ಅಕ್ಕ ಜೋರಾಗಿ ಹಾರ್ನ್ ಒತ್ತಿದಳು.