ತಲೆಕೆಳಗಾದ ಗಡಿಕಲ್ಲು

ನಮ್ಮ ಲ್ಯಾನ್‌ಕೆರಿಸ್ ಊರಿನ ಬಗ್ಗೆ ಜೂಲಿಯನ್ ಫೆರಿಸ್ ಬರೆದ ನಲವತ್ತು ಪುಟದ ಪುಸ್ತಿಕೆಯನ್ನು ನಾನು ಒಲೆ ಹಚ್ಚುವುದಕ್ಕೆ ಇಟ್ಟುಕೊಂಡಿದ್ದೇನೆ. ಕಾಗದ ವಿಪರೀತ ನುಣುಪು, ಅದಕ್ಕೂ ಸರಿಯಾಗಿ ಒದಗುವುದಿಲ್ಲ. ಇಪ್ಪತ್ತೆಂಟನೆಯ ಪುಟದಲ್ಲಿ ನನ್ನ ಗೇಟಿನ ಕಲ್ಲುಕಂಬದ ಚಿತ್ರವಿದೆ. ಕೆಳಗೆ ಎರಡು ಪುಟ ವಿವರಣೆ. ನಲವತ್ತು ವರ್ಷ ಆ ಕಂಬಕ್ಕೆ ಗೇಟು ತೂಗುಹಾಕಿ ಹಸು ದಾಟಿಸಿದವಳು ನಾನು, ಕೆಜಾಯಾ ನಾನ್‌ಕಿವೆಲ್. ನನ್ನನ್ನು ಅವನು ಒಂದು ಮಾತೂ ಕೇಳಲಿಲ್ಲ.

ಫೆರಿಸ್ ಲಂಡನ್ನಿನ ಕಡೆಯವನು. ವಿಮೆ ಕಂಪನಿಯಿಂದ ನಿವೃತ್ತನಾಗಿ ಬಂದು, ನಮ್ಮ ಹಳೆಯ ಮೆಥಡಿಸ್ಟ್ ಪ್ರಾರ್ಥನಾಮಂದಿರವನ್ನು ಕೊಂಡು, ಉಪದೇಶ ಪೀಠವಿದ್ದ ಜಾಗದಲ್ಲಿ ಸ್ನಾನದ ತೊಟ್ಟಿ ಇಟ್ಟುಕೊಂಡಿದ್ದಾನೆ. ಹೀಗೆ ಹೊರಗಿಂದ ಬರುವವರನ್ನು ನಾವು ಇರುವೆಗಳು ಅನ್ನುತ್ತೇವೆ. ಬೇಸಿಗೆಯಲ್ಲಿ ಸಾಲುಗಟ್ಟಿ ಬರುತ್ತವೆ, ಚಳಿ ಶುರುವಾದರೆ ಹೋಗುತ್ತವೆ. ಈ ಇರುವೆ ಹೋಗಲಿಲ್ಲ. ಪರಂಪರೆ ಸಮಿತಿ ಅಂತ ಒಂದನ್ನು ಕಟ್ಟಿ ತಾನೇ ಅಧ್ಯಕ್ಷನಾಯಿತು. ಚರ್ಚಿನ ಮಂಡಳಿಗೆ ಕಾರ್ಯದರ್ಶಿ ಯಾರೂ ಸಿಗದೆ ಇದ್ದಾಗ ಆ ಕುರ್ಚಿಯಲ್ಲೂ ಹೋಗಿ ಕೂತಿತು. ನಮ್ಮ ಪಾದ್ರಿಗೆ ಆರು ಊರಿನ ಚರ್ಚುಗಳು. ಪಾಪ, ಬದುಕೆಲ್ಲ ಕಾರಿನಲ್ಲೇ. ಫೆರಿಸ್ ಕೊಟ್ಟ ಕಾಗದವನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು ಸಹಿ ಹಾಕಿ ಮುಂದಿನ ಊರಿಗೆ ಓಡುತ್ತಾರೆ.

ನಮ್ಮವರ ಮೇಲೆ ನನಗೆ ಭಾರಿ ಗೌರವವಿದೆ ಅಂದುಕೊಳ್ಳಬೇಡಿ. ಏನು ಕೆಲಸ ಹೇಳಿದರೂ ‘ಆಮೇಲೆ ಮಾಡೋಣ’ ಅನ್ನುವ ಜನ. ಪೂರ್ವಿಕರ ಕಲ್ಲುಗಳು ಅಂತ ಎದೆಯುಬ್ಬಿಸಿ ಮಾತಾಡುತ್ತಾರೆ. ಆ ಕಲ್ಲುಗಳು ಎಲ್ಲಿವೆ ಅಂತ ಮಾತ್ರ ಕೇಳಬಾರದು. ಡೆನ್ಜಿಲ್ ರೂಸ್‌ನ ಹಂದಿಗೂಡಿನ ಬಾಗಿಲ ಮೇಲೆ ಅಡ್ಡ ಮಲಗಿರುವುದು ಹಳೆಯ ಶಿಲುಬೆಯ ಕಂಬ. ಅಂಚೆ ಕಚೇರಿಯ ಹಿಂದಿನ ಮೆಟ್ಟಿಲು ಯಾವುದೋ ಸಂತನ ಬಾವಿಯದು. ಗ್ರಾನೈಟ್ ಕಡಿಯುವುದು ಬೆನ್ನು ಮುರಿಯುವ ಕೆಲಸ, ಆದ್ದರಿಂದ ಬೇರೆಯವರು ಕಡಿದಿಟ್ಟದ್ದನ್ನು ಎತ್ತಿಕೊಂಡು ಬರುವುದು ನಮ್ಮ ಪದ್ಧತಿ. ಎತ್ತಿ ತಂದಮೇಲೆ ಬಾಯಿ ಹೊಲಿದುಕೊಳ್ಳುವುದೂ ಪದ್ಧತಿಯೇ.

ಹೋದ ವರ್ಷ ಮಾರ್ಚಿನಲ್ಲಿ ಹೆಡ್ಲಿ ಟ್ರೆಂಬಾತ್ ಒಂದು ಕಾಗದ ಹಿಡಿದುಕೊಂಡು ನನ್ನ ಅಡುಗೆಮನೆಗೆ ಬಂದ. ಎಂಬತ್ತೇಳು ವರ್ಷ, ಜೀವಮಾನವೆಲ್ಲ ಹೊಲದ ಕಲ್ಲುಬದು ಕಟ್ಟಿದವನು. ಆಗಲೇ ಎರಡು ಹೆಜ್ಜೆಗೊಮ್ಮೆ ಉಸಿರು ಹಿಡಿಯುತ್ತಿತ್ತು. ಅವನ ಮನೆ ನನ್ನ ಗೇಟಿನಿಂದ ಎರಡು ಹೊಲದಾಚೆ, ಹಳ್ಳದ ಈ ದಡದಲ್ಲಿ.

“ಓದು ಹುಡುಗಿ. ನನ್ನ ಕನ್ನಡಕ ಸುಳ್ಳು ಹೇಳ್ತಿದೆ ಅನ್ಸುತ್ತೆ,” ಅಂದ. ಅರವತ್ತೆಂಟು ವರ್ಷದವಳನ್ನು ಹುಡುಗಿ ಅನ್ನುವುದಕ್ಕೆ ಊರಲ್ಲಿ ಉಳಿದಿದ್ದವನು ಅವನೊಬ್ಬನೇ.

ಕನ್ನಡಕ ಸುಳ್ಳು ಹೇಳುತ್ತಿರಲಿಲ್ಲ. ಚರ್ಚಿನ ಸ್ಮಶಾನದಲ್ಲಿ ಇನ್ನು ಒಂಬತ್ತು ಜಾಗ ಮಾತ್ರ ಇವೆ. ಇನ್ನು ಮುಂದೆ ಊರಿನ ಗಡಿಯೊಳಗೆ ವಾಸವಿರುವವರಿಗೆ ಮಾತ್ರ. ಪರಂಪರೆ ಸಮಿತಿಯ ಹೊಸ ನಕ್ಷೆಯ ಪ್ರಕಾರ ಶ್ರೀ ಟ್ರೆಂಬಾತ್ ಅವರ ಮನೆ ಪಕ್ಕದ ಸೇಂಟ್ ವೆಡಾ ಊರಿಗೆ ಸೇರುತ್ತದೆ. ಅನಾನುಕೂಲಕ್ಕೆ ವಿಷಾದ. ಸಹಿ, ಜೂಲಿಯನ್ ಫೆರಿಸ್.

“ಥಿರ್ಜಾ ಅಲ್ಲೇ ಇದ್ದಾಳಲ್ಲ,” ಅಂದ ಹೆಡ್ಲಿ. ಥಿರ್ಜಾ ಅವನ ಹೆಂಡತಿ, ಸತ್ತು ಹನ್ನೊಂದು ವರ್ಷವಾಯಿತು. ಪಕ್ಕದಲ್ಲಿ ತನಗೆ ಅಂತ ಜಾಗ ಬಿಟ್ಟಿದ್ದ, ಪ್ರತಿ ಭಾನುವಾರ ಅಲ್ಲಿನ ಹುಲ್ಲು ತಾನೇ ಕತ್ತರಿಸುತ್ತಿದ್ದ. “ಹೆಂಡ್ತಿ ಈ ಊರೋಳು, ಗಂಡ ಆ ಊರೋನು. ಒಂದೇ ಮನೇಲಿ ಐವತ್ತು ವರ್ಷ ಸಂಸಾರ ಮಾಡಿದ್ವಿ. ಇವ್ನು ಒಂದು ಗೆರೆ ಎಳೆದು ಸೋಡಾಚೀಟಿ ಕೊಟ್ಟ ನೋಡು.”

“ಗಡಿ ಹಳ್ಳದ ಹತ್ರ ಅಲ್ವಾ?”

“ಹಳ್ಳ ದಾಟೋ ಜಾಗದಲ್ಲೇ. ಮೂವತ್ತೊಂಬತ್ತರಲ್ಲಿ ಊರೋರೆಲ್ಲ ಗಡಿ ಸುತ್ತಿ ಗಡಿ ನಡಿಗೆ ಮಾಡಿದಾಗ, ಏಳು ವರ್ಷದ ನನ್ನ ಕಾಲು ಹಿಡಿದು ತಲೆಕೆಳಗೆ ಮಾಡಿ ಗಡಿಕಲ್ಲಿಗೆ ಮೂರು ಸಲ ಕುಟ್ಟಿದ್ರು. ನೆನಪಿರ್ಲಿ ಅಂತ ತಾನೆ ಕುಟ್ಟೋದು? ನೆನಪಿದೆ. ಕುಟ್ಟುವಾಗ ಕಿವೀಲಿ ನೀರಿನ ಸದ್ದು ಕೇಳ್ತಿತ್ತು.” ಅವನು ನನ್ನ ಮುಖವನ್ನೇ ನೋಡಿದ. “ಈಗ ಆ ಕಲ್ಲು ಅಲ್ಲಿಲ್ಲ.”

ನಾನು ಟೀ ಸೋಸುವುದರಲ್ಲಿ ಮಗ್ನಳಾದೆ. ಆ ಕಲ್ಲು ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಅದು ಇಪ್ಪತ್ತೆಂಟನೆಯ ಪುಟದಲ್ಲಿತ್ತು.

ಅರವತ್ತರ ಇಸವಿ, ಒಂದು ಭಾನುವಾರ. ಊರೆಲ್ಲ ಪ್ರಾರ್ಥನೆಗೆ ಹೋಗಿತ್ತು. ನನಗೆ ದಡಾರ, ಮಾಳಿಗೆಯ ಕಿಟಕಿಯಲ್ಲಿ ಕೂತಿದ್ದೆ. ಹೊಟ್ಟೆನೋವು ಅಂತ ಮನೆಯಲ್ಲೇ ಉಳಿದಿದ್ದ ನಮ್ಮಪ್ಪ ಟ್ರ್ಯಾಕ್ಟರಿನ ಹಿಂದೆ ಒಂದು ಉದ್ದ ಕಲ್ಲನ್ನು ಎಳೆದುಕೊಂಡು ಬಂದ. ಕಲ್ಲಿನ ಒಂದು ತುದಿಯಲ್ಲಿ ಊರಿನ ಮೊದಲಕ್ಷರ ಕೆತ್ತಿತ್ತು. ಆ ತುದಿಯನ್ನು ಮಣ್ಣಿಗಿಳಿಸಿ, ತಲೆಕೆಳಗಾಗಿ ನೆಟ್ಟು, ಗೇಟು ತೂಗುಹಾಕಿದ. ಸಾಯುವ ತನಕ ದೇವರ ಮಾತು ಬೋಧಿಸಿದ ಮನುಷ್ಯ. ಆಮೇಲೆ ಅರವತ್ತು ವರ್ಷದ ಮಳೆಗೆ ದಾರಿ ಕೊಚ್ಚಿ ಹೋಗಿ ಅಕ್ಷರ ಮೇಲೆ ಬಂತು, ಕಾಲು ಮೇಲಾಗಿ. ಅಲ್ಲಿಗೆ ಫೆರಿಸ್ ಕ್ಯಾಮೆರಾ ಹಿಡಿದು ಬಂದ.

ಅಕ್ಷರ ತಲೆಕೆಳಗಾಗಿರುವುದನ್ನು ನೋಡಿದರೆ ಯಾವ ಪೆದ್ದನಿಗಾದರೂ ಕಲ್ಲು ಕಿತ್ತು ನೆಟ್ಟದ್ದು ಅಂತ ತಿಳಿಯಬೇಕು. ಫೆರಿಸ್ ಪೆದ್ದನಲ್ಲ, ಓದಿದವನು. ಊರೊಳಗಿನ ಪುಣ್ಯ ಹೊರಗೆ ಸೋರದಿರಲಿ ಅಂತ ಹಿಂದಿನವರು ಅಕ್ಷರವನ್ನು ಬೇಕೆಂದೇ ಮಗುಚಿ ಕೆತ್ತುತ್ತಿದ್ದರು, ಇದು ಅತ್ಯಪರೂಪದ ನಿದರ್ಶನ ಅಂತ ಬರೆದ. ಅಲ್ಲಿಂದ ನೇರವಾಗಿ ಗೆರೆ ಎಳೆದ. ಹೆಡ್ಲಿಯ ಮನೆ ಗೆರೆಯಾಚೆ ಬಿತ್ತು.

ಏಪ್ರಿಲಿನಲ್ಲಿ ಊರಿನ ಸಭಾಂಗಣದಲ್ಲಿ ಸಭೆಯಾಯಿತು. ಹೆಡ್ಲಿ ಎದ್ದು ನಿಂತು, ಟೋಪಿ ಕೈಯಲ್ಲಿ ಹಿಡಿದು, ತಲೆ ಕುಟ್ಟಿದ ಕಥೆ ಹೇಳಿದ. ಫೆರಿಸ್ ತಲೆಯನ್ನು ಒಂದು ಕಡೆ ವಾಲಿಸಿ ಕೇಳಿದ. ಆ ವಾಲಿಸುವಿಕೆ ನೋಡಿದರೇ ನನಗೆ ಮೈಯೆಲ್ಲ ಉರಿಯುತ್ತದೆ.

“ಎಷ್ಟು ಸೊಗಸಾದ ನೆನಪು, ಟ್ರೆಂಬಾತ್ ಅವರೇ. ಇದನ್ನ ಧ್ವನಿಮುದ್ರಣ ಮಾಡ್ಕೋಬೇಕು ನಾವು. ಆದ್ರೆ ನೆನಪು ದಾಖಲೆ ಆಗಲ್ಲ ನೋಡಿ. ಕಲ್ಲು ದಾಖಲೆ.”

“ಕಲ್ಲಿಗೆ ಕಾಲು ಬರಲ್ವಾ ಸ್ವಾಮಿ?” ಅಂದ ಹೆಡ್ಲಿ.

“ಯಾರಾದ್ರೂ ಸಾಕ್ಷಿ ಇದ್ದಾರಾ?” ಫೆರಿಸ್ ಸಭೆಯತ್ತ ನೋಡಿದ.

ಡೆನ್ಜಿಲ್ ರೂಸ್ ತನ್ನ ಬೂಟು ನೋಡಿಕೊಂಡ. ಹಂದಿಗೂಡು ನೆನಪಾಗಿರಬೇಕು. ಅಂಚೆ ಕಚೇರಿಯವಳಿಗೆ ಕೆಮ್ಮು ಬಂತು. ಒಬ್ಬ ಬಾಯಿ ಬಿಟ್ಟರೆ ಇಡೀ ಊರಿನ ಕಂಬ, ಮೆಟ್ಟಿಲು, ಹೊಸ್ತಿಲುಗಳೆಲ್ಲ ಹೊರಗೆ ಬರುತ್ತವೆ. ಹೇಡಿಗಳು ಅಂತ ಮನಸ್ಸಿನಲ್ಲೇ ಬೈದೆ. ಬೈದು, ನಾನೂ ಸುಮ್ಮನೆ ಕೂತಿದ್ದೆ. ಎದುರು ಗೋಡೆಯ ಮೇಲೆ ಬೋಧಕರ ಸಾಲಿನಲ್ಲಿ ನಮ್ಮಪ್ಪನ ಪಟವಿತ್ತು.

ಹೆಡ್ಲಿ ಯಾರನ್ನೂ ಬೈಯಲಿಲ್ಲ. ಒಂದು ಸಲ ನನ್ನ ಕಡೆ ನೋಡಿ ಕೂತುಕೊಂಡ.

ಮೇ ತಿಂಗಳ ಕೊನೆಯಲ್ಲಿ ಗಡಿ ನಡಿಗೆ, ಎಂಬತ್ತು ವರ್ಷದ ನಂತರ. ಮೂವತ್ತು ಜನ ಸೇರಿದ್ದರು, ಇಪ್ಪತ್ತು ಇರುವೆಗಳು. ಎಲ್ಲರ ಕೈಯಲ್ಲೂ ಕಲ್ಲು ಬಡಿಯುವುದಕ್ಕೆ ಹಸಿ ಕೋಲು, ಎಲ್ಲರ ಮೈಮೇಲೂ ಒಂದೇ ಅಂಗಡಿಯ ಮಳೆಕೋಟು. ಮಳೆ ಇರಲಿಲ್ಲ. ನಾನು ಕೇಸರಿ ಹಾಕಿದ ಬನ್ನು ಬೇಯಿಸಿಕೊಂಡು ಬಂದು ಗೇಟಿನ ಹತ್ತಿರ ನಿಂತಿದ್ದೆ. ಹೆಡ್ಲಿ ಅಷ್ಟು ದೂರ ನಡೆದು ಬಂದು ಬದುವಿನ ಮೇಲೆ ಕೂತಿದ್ದ, ಒಳ್ಳೆಯ ಕೋಟು ಹಾಕಿಕೊಂಡು. ತನ್ನನ್ನು ಹೊರಹಾಕುವುದನ್ನು ನೋಡುವುದಕ್ಕೆ ಒಳ್ಳೆಯ ಕೋಟು ಹಾಕಿಕೊಂಡು ಬರುವ ಮನುಷ್ಯ ಅವನು.

ಫೆರಿಸ್ ಕಂಬದ ಮುಂದೆ ಅರ್ಧ ಗಂಟೆ ಮಾತಾಡಿದ. ಪುಣ್ಯ ಸೋರುವುದರ ಬಗ್ಗೆ ಒಬ್ಬಳು ಬರೆದುಕೊಂಡಳು. ಪಾದ್ರಿ ಗಡಿಯಾರ ನೋಡಿಕೊಂಡರು. ತಲೆ ಕುಟ್ಟಿಸಿಕೊಳ್ಳುವ ಗೌರವವನ್ನು ಫೆರಿಸ್ ಅಧ್ಯಕ್ಷನಾಗಿ ತಾನೇ ವಹಿಸಿಕೊಳ್ಳುವುದಾಗಿ ಹೇಳಿ, ಚೀಲದಿಂದ ಸೈಕಲ್ಲಿನ ಹೆಲ್ಮೆಟ್ ತೆಗೆದು ಹಾಕಿಕೊಂಡು, ಗಲ್ಲದ ಕೆಳಗೆ ಪಟ್ಟಿ ಬಿಗಿದ. ವಿಮೆಯವನಲ್ಲವೇ. ಡೆನ್ಜಿಲ್ ಮತ್ತು ಇನ್ನೊಬ್ಬ ಸೇರಿ ಅವನ ಕಾಲು ಹಿಡಿದು ಮೇಲೆತ್ತಿದರು.

ಆಗ ಹೆಡ್ಲಿ ಬದುವಿನಿಂದ ಇಳಿದ. “ಬರ್ತೀನಿ ಹುಡುಗಿ. ಇವ್ನನ್ನ ಕುಟ್ಟಿಬಿಟ್ರೆ ನಾನು ಪರವೂರಿನೋನು. ಅದಕ್ಕೆ ಮುಂಚೆ ಗಡಿ ದಾಟಿಬಿಡ್ತೀನಿ,” ಅಂದು ನಕ್ಕ. ನಗುವಾಗ ಉಸಿರು ಸಾಲದೆ ಗೇಟು ಹಿಡಿದುಕೊಂಡ. ನಮ್ಮಪ್ಪನ ಗೇಟು.

“ಅವ್ನನ್ನ ಇಳಿಸು ಡೆನ್ಜಿಲ್,” ಅಂದೆ. “ಅದು ಗಡಿಯಲ್ಲ. ನಮ್ಮಪ್ಪ ಕದ್ದು ತಂದ ಕಲ್ಲು.”

“ಏನಂದ್ರಿ?” ಅಂದ ಫೆರಿಸ್ ತಲೆಕೆಳಗಾಗಿಯೇ. ಡೆನ್ಜಿಲ್‌ಗೆ ಇಳಿಸುವ ಆತುರವಿರಲಿಲ್ಲ.

ಎಲ್ಲ ಹೇಳಿದೆ. ಭಾನುವಾರ, ಹೊಟ್ಟೆನೋವು, ಟ್ರ್ಯಾಕ್ಟರ್, ಮಣ್ಣಲ್ಲಿ ಹೂತ ಅಕ್ಷರ. ಹೇಳುವಾಗ ನನ್ನ ದನಿ ನನಗೇ ಅಸಹ್ಯವಾಗಿ ಕೇಳಿಸಿತು. ಪಾದ್ರಿ ಗಡಿಯಾರ ಮರೆತರು.

“ಆದ್ರೆ ಇದಕ್ಕೆ ದಾಖಲೆ...” ಅಂದ ಫೆರಿಸ್, ನೆಟ್ಟಗಾದ ಮೇಲೆ.

“ಹಳ್ಳದ ಹತ್ರ ಕಲ್ಲಿನ ಗುಂಡಿ ಇದೆ, ಮುಳ್ಳುಗಿಡದ ಕೆಳಗೆ. ಸುತ್ತ ಬಿಗಿಸಿದ ಚೂರುಕಲ್ಲು ಹಾಗೇ ಇವೆ. ಹೋಗಿ ಅಳೀರಿ. ನಿಮ್ಮ ಟೇಪು ಸುಳ್ಳು ಹೇಳಲ್ವಲ್ಲ,” ಅಂದೆ.

ಮೂವತ್ತು ಜನ ಎರಡು ಹೊಲ ದಾಟಿದರು. ಡೆನ್ಜಿಲ್ ಮುಳ್ಳು ಕಡಿದ. ಗುಂಡಿ ಅಲ್ಲೇ ಇತ್ತು, ಕಂಬದ ಅಳತೆಗೆ ಬೆರಳಷ್ಟೂ ಹೆಚ್ಚುಕಡಿಮೆ ಇಲ್ಲ. ಫೆರಿಸ್ ಮುಖ ಸಣ್ಣದಾಗುತ್ತದೆ ಅಂತ ಕಾದಿದ್ದೆ. ಎಲ್ಲಿಯ ಮಾತು. ಅವನ ಕಣ್ಣು ಹೊಳೆಯುತ್ತಿತ್ತು. ಕಲ್ಲು ಕದಿಯುವುದೂ ಒಂದು ಪರಂಪರೆಯೇ, ಎರಡನೆಯ ಮುದ್ರಣದಲ್ಲಿ ಇದಕ್ಕೊಂದು ಅಧ್ಯಾಯ ಬೇಕು, ನನ್ನದೊಂದು ಫೋಟೊ ಬೇಕು ಅಂದ. ಇಂಥವರನ್ನು ಅವಮಾನಿಸುವುದಕ್ಕೂ ಆಗುವುದಿಲ್ಲ. ಹೊಸ ಕಾಗದಕ್ಕೆ ಪಾದ್ರಿ ಅಲ್ಲೇ ಡೆನ್ಜಿಲ್‌ನ ಬೆನ್ನ ಮೇಲಿಟ್ಟು ಸಹಿ ಹಾಕಿದರು. ಹೆಡ್ಲಿಯ ಮನೆ ಲ್ಯಾನ್‌ಕೆರಿಸ್‌ಗೆ ವಾಪಸು ಬಂತು.

ಎಲ್ಲರೂ ಹೋದಮೇಲೆ ನಾವಿಬ್ಬರೇ ಹಳ್ಳದ ಹತ್ತಿರ ಉಳಿದೆವು. ಅವನಿಗೆ ಒಂದು ಬನ್ನು ಕೊಟ್ಟೆ.

“ಅಂಥಾ ಕಲ್ಲನ್ನ ಒಬ್ಬನೇ ಕಿತ್ತು ನೆಡೋಕಾಗುತ್ತಾ ಹುಡುಗಿ?” ಅಂದ ಹೆಡ್ಲಿ.

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಕಿಟಕಿಯಿಂದ ಕಂಡದ್ದು ಅಪ್ಪ ಮಾತ್ರ, ಬದುವಿನ ಮರೆಯಲ್ಲಿ ಇದ್ದವರು ಕಾಣುತ್ತಿರಲಿಲ್ಲ.

“ಸರಪಳಿ ಹಿಡಿದಿದ್ದು ನಾನು. ತಲೆಕೆಳಗೆ ನೆಡೋಣ ಅಂದಿದ್ದೂ ನಾನೇ.”

“ಮತ್ತೆ ಆವತ್ತು ಸಭೇಲಿ ಯಾಕೆ ಹೇಳ್ಲಿಲ್ಲ? ನಿನ್ನ ಜಾಗ ಹೋಗ್ತಿತ್ತಲ್ಲ.”

“ಯಾರಿಗೂ ಹೇಳ್ಬೇಡ ಅಂತ ನಿಮ್ಮಪ್ಪ ಕೈ ಹಿಡಿದು ಕೇಳಿದ್ದ. ಆಯ್ತು ಅಂದಿದ್ದೆ.” ಬನ್ನು ಮುರಿದು ಬಾಯಿಗೆ ಹಾಕಿಕೊಂಡ. “ನೀನು ಕಿಟಕೀಲಿ ಕೂತಿದ್ದನ್ನ ನಾನು ಬದುವಿನ ಸಂದಿಯಿಂದ ನೋಡಿದ್ದೆ. ಇವಳಿಗೆ ಗೊತ್ತಿದೆ, ಇವಳು ಹೇಳ್ತಾಳೆ ಅಂದ್ಕೊಂಡೆ. ಮಾರ್ಚಲ್ಲಿ ಹೇಳ್ತೀಯಾ ಅಂತ ಬಂದೆ.”

ಕೋಪವಿರಲಿಲ್ಲ ಅವನ ಮಾತಿನಲ್ಲಿ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು. ಊರಿಗೆಲ್ಲ ತಿರಸ್ಕಾರ ಹಂಚಿಕೊಂಡು ತಿರುಗಿದವಳು ನಾನು, ನನ್ನ ಪಾಲು ಮೂರು ತಿಂಗಳಿಂದ ನನ್ನ ಅಡುಗೆಮನೆಯಲ್ಲೇ ಟೀ ಕುಡಿಯುತ್ತ ಕಾಯುತ್ತಿತ್ತು.

ಹೆಡ್ಲಿ ಫೆಬ್ರವರಿಯಲ್ಲಿ ಹೋದ. ಈಗ ಥಿರ್ಜಾ ಪಕ್ಕದಲ್ಲಿದ್ದಾನೆ. ಅಲ್ಲಿಯ ಹುಲ್ಲು ನಾನು ಕತ್ತರಿಸುತ್ತೇನೆ. ಕಲ್ಲು ಹಳ್ಳದ ದಡಕ್ಕೆ ವಾಪಸು ಹೋಯಿತು, ಅಕ್ಷರ ನೆಟ್ಟಗೆ. ನನ್ನ ಗೇಟಿಗೆ ಕಂಬವಿಲ್ಲ, ನೀಲಿ ಹಗ್ಗದಲ್ಲಿ ಮುಳ್ಳುಗಿಡಕ್ಕೆ ಕಟ್ಟಿದ್ದೇನೆ, ಹಸುಗಳು ತಮಗೆ ಬೇಕಾದಾಗ ದಾಟುತ್ತವೆ. ಹೊಸ ಕಂಬ ನೆಟ್ಟು ಕೊಡುತ್ತೇನೆ ಅಂತ ಡೆನ್ಜಿಲ್ ಎರಡು ಸಲ ಬಂದು ಹೇಳಿದ. ಆಮೇಲೆ ನೆಡೋಣ ಅಂದಿದ್ದೇನೆ.