ಕೊನೆಯ ಪುಟದ ನಾಯಿ

ಪುಸ್ತಕ ತೆಗೆದುಕೊಳ್ಳುವ ಮೊದಲು ನಾನು ಕೇಳುವುದು ಒಂದೇ ಪ್ರಶ್ನೆ. ಇದರಲ್ಲಿ ನಾಯಿಯೋ ಹಸುವೋ ಇದ್ದರೆ, ಕೊನೆಗೆ ಉಳಿಯುತ್ತದೋ ಇಲ್ಲವೋ? ಮಾರ್ಕೆಟ್ಟಿನ ಹಿಂದಿನ ಗ್ರಂಥಾಲಯದ ಜಂಬಣ್ಣ ರಾಯಚೂರು ಕಡೆಯವನು. ನನ್ನ ಪ್ರಶ್ನೆಗೆ ಅವನು ಯಾವತ್ತೂ ನಕ್ಕಿಲ್ಲ. "ನೋಡಿ ಹೇಳ್ತೀನ್ರಿ ಅಮ್ಮಾರ," ಎಂದು ಪುಸ್ತಕವನ್ನು ಪಕ್ಕಕ್ಕಿಟ್ಟುಕೊಳ್ಳುತ್ತಾನೆ. ಮಾರನೆಯ ದಿನ ಉತ್ತರ ಸಿಗುತ್ತದೆ. ಸಾಯುವುದಾದರೆ ಅದು ಕಪಾಟಿಗೆ ವಾಪಸು. ಹೀಗೆ ಆರು ವರ್ಷ ನಡೆದಿದೆ.

ಕಾರಣ ಮೇಸ್ತ್ರಿ, ನನ್ನ ನಾಯಿ. ಚಂದ್ರಾ ಲೇಔಟಿನಲ್ಲಿ ನಮ್ಮ ಎದುರು ಮನೆ ಕಟ್ಟುವಾಗ ಜಲ್ಲಿ ರಾಶಿಯ ಮೇಲೆ ಕೂತು ಕೆಲಸದವರನ್ನೆಲ್ಲ ಗಮನಿಸುತ್ತಿತ್ತು. ಮನೆ ಮುಗಿದು ಅವರೆಲ್ಲ ಹೋದ ಮೇಲೆ ನನ್ನ ಬಾಗಿಲಿಗೆ ಬಂತು. ಮನೆಯಲ್ಲಿ ನಾನಲ್ಲದೆ ಇನ್ನೊಂದು ಉಸಿರು ಅಂದರೆ ಅದೇ. ನಾನು ಓದು ಕಲಿತದ್ದು ಬಿನ್ನಿಪೇಟೆಯ ರಾತ್ರಿಶಾಲೆಯಲ್ಲಿ, ನಲವತ್ತೆಂಟನೆಯ ವಯಸ್ಸಿಗೆ. ಮೂವತ್ತು ಹೆಂಗಸರು ಒಟ್ಟಿಗೆ ಗಟ್ಟಿಯಾಗಿ ಓದುತ್ತಿದ್ದೆವು. ಬಾಯಿ ಮುಚ್ಚಿಕೊಂಡು ಓದುವುದು ನನಗೆ ಇವತ್ತಿಗೂ ಬಾರದು. ಹಾಗಾಗಿ ನಾನು ಓದುವುದನ್ನೆಲ್ಲ ಮೇಸ್ತ್ರಿ ಕೇಳಿಸಿಕೊಳ್ಳುತ್ತದೆ. ಅದರ ಎದುರಿಗೆ ಒಂದು ನಾಯಿಯ ಸಾವನ್ನು ಹೇಗೆ ಓದಲಿ?

ಈಗ ಅದಕ್ಕೆ ಹದಿನಾಲ್ಕು. ಹೋದ ವಾರ ಅನ್ನ ಬಿಟ್ಟಿತು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಇನ್ನು ಒಂದು ವಾರ ಅಷ್ಟೇ ಅಜ್ಜಿ. ನೋವಿಗೆ ಔಷಧಿ ಕೊಟ್ಟಿದೀನಿ. ಗಾಬರಿ ಆಗದಂಗೆ ನೋಡ್ಕೊಳಿ," ಅಂದರು. ಅದನ್ನು ಸಮಾಧಾನವಾಗಿಡಲು ನನ್ನ ಹತ್ತಿರ ಇದ್ದದ್ದು ಓದು ಒಂದೇ. ಜಂಬಣ್ಣ ಒಂದು ಕಾದಂಬರಿ ಕೊಟ್ಟ. ರೈಲ್ವೆ ಗೇಟು ಕಾಯುವವನು, ಅವನದೊಂದು ನಾಯಿ.

"ನಾಯಿ ಉಳೀತೈತ್ರಿ. ಧೈರ್ಯದಿಂದ ಓದ್ರಿ."

ಎರಡು ಮಧ್ಯಾಹ್ನ ಓದಿದೆ. ಮೇಸ್ತ್ರಿ ಕಣ್ಣು ಮುಚ್ಚಿ ಮಲಗಿರುತ್ತಿತ್ತು. ನನಗೆ ಅಕ್ಷರ ಮೊದಲು ಬಾಯಿಗೆ ಬರುತ್ತದೆ, ಅರ್ಥ ಹಿಂದಿನಿಂದ ನಡೆದು ಬರುತ್ತದೆ. ಮೂರನೆಯ ದಿನ, "ಬೆಳಗ್ಗೆ ಎದ್ದು ನೋಡಿದರೆ ನಾಯಿಯ ಮೈ ತಣ್ಣಗಾಗಿತ್ತು," ಎಂದು ಪೂರ್ತಿ ಓದಿದ ಮೇಲೆಯೇ ನಾನು ಓದಿದ್ದು ಏನೆಂದು ತಿಳಿಯಿತು. ಪುಸ್ತಕ ಮುಚ್ಚಿದೆ. ಮೇಸ್ತ್ರಿ ತಲೆ ಎತ್ತಿ ನನ್ನನ್ನೇ ನೋಡಿತು. ಏಳಲು ಹೋಗಿ ಬಿತ್ತು, ನರಳತೊಡಗಿತು.

ಪಕ್ಕದ ಮನೆಯ ಕಲಾವತಿಯನ್ನು ಅದರ ಬಳಿ ಕೂರಿಸಿ, ಪುಸ್ತಕ ಹಿಡಿದು ಗ್ರಂಥಾಲಯಕ್ಕೆ ಹೋದೆ.

"ನಾಯಿ ಸತ್ತೋಯ್ತಲ್ಲಪ್ಪ," ಅಂದೆ.

ಜಂಬಣ್ಣ ಎದ್ದು ನಿಂತ. "ಯಾವಾಗ್ರೀ?"

"ನಂದಲ್ಲ, ನಿಂದು. ಪುಸ್ತಕದ್ದು."

"ಹೆಂಗಾತ್ರೀ? ಕೊನೀ ಪುಟದಾಗ ಗೇಟಿನ ಮುಂದ ಕುಂತಿತ್ತಲ್ರೀ."

ತೆರೆದು ನೋಡಿದೆ. ಕೂತಿತ್ತು, ಆದರೆ ಹಿಂದಿನ ಪುಟದಲ್ಲಿ ಅದನ್ನು ಮರಿಯಾಗಿ ತಂದ ಕತೆ ಇತ್ತು. "ಇದು ಬೇರೆ ಕಣಪ್ಪ, ಆಮೇಲೆ ತಂದಿರೋ ಮರಿ. ಇಷ್ಟು ದಿನ ನೀನು ಬರೀ ಕೊನೇ ಪುಟ ನೋಡಿ ಹೇಳ್ತಿದ್ಯಾ?"

ಅವನು ರಬ್ಬರ್ ಸ್ಟಾಂಪನ್ನು ಅತ್ತಿತ್ತ ತಿರುಗಿಸಿದ. "ನಡುವ ಓದಾಕ ನನಗೂ ಧೈರ್ಯ ಸಾಲಂಗಿಲ್ರಿ ಅಮ್ಮಾರ. ಬ್ಯಾರೆ ಹುಡುಕಿ ಕೊಡ್ಲೇನ್ರಿ? ನಾಳಿಗೆ?"

"ನಾಳೆವರೆಗೂ ಕಾಯೋಕಾಗಲ್ಲಪ್ಪ," ಅಂದು ಅದೇ ಪುಸ್ತಕ ಹಿಡಿದುಕೊಂಡು ವಾಪಸು ಬಂದೆ.

"ಸುಮ್ನಾಗ್ತಾನೇ ಇಲ್ಲ ಹನುಮಕ್ಕ," ಅಂದಳು ಕಲಾವತಿ. "ಹಾಡೂ ಹಾಡ್ದೆ. ನನ್ ಗಂಟಲಿಗೆ ಇನ್ನೂ ಜಾಸ್ತಿ ಆಯ್ತು. ನೀವೇ ಏನಾದ್ರೂ ಓದಿ." ಒಲೆಯ ಮೇಲೆ ಹಾಲಿಡಬೇಕು ಎಂದು ಹೊರಟುಹೋದಳು.

ಮೊದಲು ಬಾಯಿಗೆ ಬಂದದ್ದು ಮಾತಾಡಿದೆ. ನರಳಾಟ ನಿಲ್ಲಲಿಲ್ಲ. ಮಾತಾಡುವ ಧ್ವನಿ ಬೇರೆ, ಓದುವ ಧ್ವನಿ ಬೇರೆ ಎಂದು ಮೇಸ್ತ್ರಿಗೆ ಗೊತ್ತು. ಕೊನೆಗೆ ಪುಸ್ತಕ ಬಿಚ್ಚಿ, ನಿಲ್ಲಿಸಿದ ಸಾಲಿಗೆ ಬೆರಳಿಟ್ಟೆ. ಗೇಟಿನವನು ನಾಯಿಯನ್ನು ಗೋಣಿಚೀಲದಲ್ಲಿ ಸುತ್ತಿದ. ಹಳಿಯಿಂದಾಚೆ ಗುಂಡಿ ತೋಡಿದ. ಒಂದೊಂದೇ ಅಕ್ಷರ ಕೂಡಿಸುತ್ತ ಓದಿದೆ. ಮೇಸ್ತ್ರಿ ಮೆಲ್ಲಗೆ ತಲೆಯನ್ನು ನೆಲಕ್ಕಿಟ್ಟಿತು. ಉಸಿರು ನಿಧಾನವಾಯಿತು. ಅದಕ್ಕೆ ಬೇಕಾಗಿದ್ದು ಈ ಸದ್ದು ಮಾತ್ರ. ಇಷ್ಟು ವರ್ಷವೂ ಸಾವಿನ ಮಾತು ಕೇಳಿಸಿಕೊಳ್ಳಲಾರದೆ ಇದ್ದವಳು ನಾನೊಬ್ಬಳೇ.

ಮಣ್ಣು ಮುಚ್ಚುವ ಕಡೆ ಬಂದು ಓದು ನಿಲ್ಲಿಸಿದೆ. ಮೇಸ್ತ್ರಿಯ ಕಿವಿ ನಿಮಿರಿತು. ಒಂದು ಗುಟುಕು ನೀರು ಕುಡಿದು, ಮುಂದಿನ ಸಾಲನ್ನು ಇನ್ನಷ್ಟು ಗಟ್ಟಿಯಾಗಿ ಓದಿದೆ.