ತನ್ನ ಕಾನೂನಿಗೇ ವೀಟೊ ಬೇಡಿದ ಮೇಷ್ಟ್ರು

ಅತ್ತೆ ಒಡೀಲ್ ಮಾರುದ್ದದ ಮರದ ಹುಟ್ಟನ್ನು ತಂದು ಊಟದ ಮೇಜಿನ ಮೇಲೆ ಅಡ್ಡಲಾಗಿ ಇಟ್ಟಾಗ ಜೆರಾರ್ಡ್ ಡೆಲ್ವೋನಿಗೆ ಮೊದಲು ಏನೂ ಅರ್ಥವಾಗಲಿಲ್ಲ.

"ತಗೊಳ್ಳಿ ಅಳಿಯಂದಿರೇ. ಇನ್ನು ಇದರ ಕೆಲಸ ನನಗಿಲ್ಲ. ಹಿತ್ತಲಲ್ಲಿ ಹಾಕಿ ಸುಟ್ಟುಬಿಡೋಣ ಅಂದ್ರೆ ಅದನ್ನೂ ನೀವೇ ನಿಲ್ಸಿದ್ದೀರಿ."

ಬೂಯಾ ಕಲಕುವ ಹುಟ್ಟು ಅದು. ಕೊಲ್ಲಿಯ ದಂಡೆಯ ಪೋರ್ಟ್ ನಮೂರಿಗೆ ಹಿಂದೆ ವಲಸೆ ಬಂದ ಬೆಲ್ಜಿಯನ್ ಮನೆತನದವರು ಸೆಪ್ಟೆಂಬರಿನ ಸುಗ್ಗಿ ಹಬ್ಬದ ಭಾನುವಾರ ಚರ್ಚಿನ ಅಂಗಳದಲ್ಲಿ, ಮಗುವನ್ನು ಕೂರಿಸಿ ಮೀಯಿಸಬಹುದಾದಂಥ ಹಂಡೆಗಳಲ್ಲಿ ಕೋಳಿ, ದನದ ಮಾಂಸ, ಎಲೆಕೋಸು, ಆಲೂಗಡ್ಡೆ ಎಲ್ಲ ಸುರಿದು ಬೂಯಾ ಬೇಯಿಸುತ್ತಾರೆ. ನಸುಕಿನಿಂದ ಮಧ್ಯಾಹ್ನದವರೆಗೆ, ಬಯಲಲ್ಲಿ, ಸೌದೆಯ ಬೆಂಕಿಯ ಮೇಲೆ. ಗಂಡ ಸತ್ತ ಮೇಲೆ ಹಂಡೆಗಳ ಯಜಮಾನಿಕೆ ಒಡೀಲಳದೇ.

ಸೌದೆಯ ಬೆಂಕಿ. ಜೆರಾರ್ಡ್ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು.

ಅವನು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಮಗಳು ಜೋಸೆಟ್‌ಗೆ ಉಬ್ಬಸ. ಪ್ರತಿ ಶರತ್ಕಾಲದಲ್ಲೂ ನೆರೆಹೊರೆಯವರು ಒದ್ದೆ ಎಲೆಗಳನ್ನು ರಾಶಿ ಹಾಕಿ ಉರಿಸುವಾಗ ಅವಳು ಕಿಟಕಿ ಮುಚ್ಚಿಕೊಂಡು, ಭುಜ ಎತ್ತೆತ್ತಿ ಉಸಿರೆಳೆಯುತ್ತಿದ್ದಳು. ಅವನು ನಗರಸಭೆಗೆ ನಿಂತಿದ್ದೇ ಅದಕ್ಕಾಗಿ. ಗೆದ್ದ ಮೇಲೆ ಒಂದು ಕಾನೂನು ಬರೆದ: ನಗರದ ಎಲ್ಲೆಯೊಳಗೆ ಬಯಲಿನಲ್ಲಿ ಸೌದೆ, ಎಲೆ, ಕಸ ಯಾವುದನ್ನೂ ಉರಿಸಕೂಡದು. ವಿನಾಯಿತಿ ಒಂದೂ ಇರಲಿಲ್ಲ. ಕಾನೂನುಗಳು ಸೋರುವುದು ವಿನಾಯಿತಿಗಳ ಮೂಲಕವೇ ಎಂದು ನಂಬಿದ್ದ ಅವನಿಗೆ ಆ ಬಿಗಿಯ ಬಗ್ಗೆ ಹೆಮ್ಮೆಯೂ ಇತ್ತು. ಹೋದ ವಾರ ಒಂಬತ್ತು ಸದಸ್ಯರಲ್ಲಿ ಆರು ಜನ ಹೌದು ಅಂದರು, ಮೂವರು ಇಲ್ಲ ಅಂದರು. ಹಾಲುಹಲ್ಲು ಬಂದಾಗಿನಿಂದ ಬೂಯಾ ತಿಂದು ಬೆಳೆದ ಆ ಒಂಬತ್ತರಲ್ಲಿ ಒಬ್ಬರಿಗೂ ಹಂಡೆ ನೆನಪಾಗಲಿಲ್ಲ. ಅವರಿಗೆ ಬೂಯಾ ಊಟ. ಅದರ ಕೆಳಗೆ ಬೆಂಕಿಯಿದೆ ಎಂಬುದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಅಗ್ನಿಶಾಮಕದ ಮುಖ್ಯಸ್ಥನಿಗೆ ಫೋನ್ ಮಾಡಿದ. "ಯಾರೂ ದೂರು ಕೊಡದಿದ್ರೆ ನಾನು ಆ ಕಡೆ ತಲೆ ಹಾಕಲ್ಲ ಮೇಷ್ಟ್ರೇ. ಒಬ್ಬ ಕೊಟ್ಟ ಅಂದ್ರೂ ಹಂಡೆ ಕೆಳಗೆ ನೀರು ಬಿಡಲೇಬೇಕು. ಬರೆದಿರೋದು ನೀವೇ ತಾನೆ?"

ತಿದ್ದುಪಡಿ ತರಬಹುದಿತ್ತು. ಆದರೆ ಅದು ಸಮಿತಿಗೆ ಹೋಗಿ, ಜನರ ಅಹವಾಲು ಕೇಳಿ ಬರುವಷ್ಟರಲ್ಲಿ ಹಬ್ಬ ಮುಗಿದೇಹೋಗಿರುತ್ತಿತ್ತು. ಉಳಿದದ್ದು ಒಂದೇ. ಮೇಯರ್ ಇನ್ನೂ ಸಹಿ ಹಾಕಿರಲಿಲ್ಲ.

ಮೇಯರ್ ಮಾರ್ಲಿಸ್ ಲಿಂಡ್‌ಕ್ವಿಸ್ಟ್‌ಗೂ ಜೆರಾರ್ಡ್‌ನ ಗುಂಪಿಗೂ ಆಗಿಬರುತ್ತಿರಲಿಲ್ಲ. ಅವನ ಮಾತನ್ನು ಪೂರ್ತಿ ಕೇಳಿ ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಅಂದ್ರೆ, ನೀವೇ ಬರೆದು, ನನ್ನ ಕಡೆಯವರನ್ನ ಸೋಲಿಸಿ ಪಾಸು ಮಾಡಿಸಿದ್ದನ್ನ ಈಗ ನಾನು ಕೊಲ್ಲಬೇಕು?"

"ಕೊಲ್ಲೋದು ಬೇಡ ಮೇಡಂ. ಹಂಡೆಗೆ ಅಂತ ಒಂದು ಸಾಲು ಸೇರಿಸಿಬಿಟ್ರೆ..."

"ಸೇರಿಸೋ ಅಧಿಕಾರ ನನಗೆಲ್ಲಿದೆ? ಬಜೆಟ್ ಆಗಿದ್ರೆ ಒಂದೊಂದು ಬಾಬ್ತು ಹೊಡೆದು ಹಾಕಬಹುದಿತ್ತು. ಇದಕ್ಕೆ ಮೂರೇ ದಾರಿ. ಸಹಿ ಹಾಕೋದು. ಸುಮ್ನೆ ಕೂತು ಅದು ತಾನಾಗೇ ಕಾನೂನಾಗೋಕೆ ಬಿಡೋದು. ಇಲ್ಲ, ಕಾರಣ ಬರೆದು ನಿಮ್ಮ ಸಭೆಗೇ ವಾಪಸ್ ಕಳಿಸೋದು. ಹಂಡೆ ಪೂರ್ತಿ ಬಡಿಸಬೇಕು, ಇಲ್ಲ ಪೂರ್ತಿ ಚೆಲ್ಲಬೇಕು. ತುಂಡು ಆರಿಸಿ ತೆಗೆಯೋ ಹಾಗಿಲ್ಲ."

"ಹಾಗಾದ್ರೆ ವಾಪಸ್ ಕಳಿಸಿ."

"ನಾಳೆ ಪೇಪರಿನಲ್ಲಿ ಏನು ಬರತ್ತೆ ಗೊತ್ತಾ? ಉಬ್ಬಸದ ಮಗುವಿನ ಮೇಲೆ ಮೇಯರ್ ವೀಟೊ ಅಂತ. ಆ ಬೈಗುಳ ನಾನ್ಯಾಕೆ ತಿನ್ನಲಿ ಮೇಷ್ಟ್ರೇ?"

ಜೆರಾರ್ಡ್ ಮನಸ್ಸಿನಲ್ಲೇ ತೂಗಿ ನೋಡಿದ. ಕಾನೂನು ಒಮ್ಮೆ ವಾಪಸ್ ಬಂದರೆ ಮತ್ತೆ ಎದ್ದೀತೆಂಬ ಖಾತರಿ ಇರಲಿಲ್ಲ. ಅಕ್ಟೋಬರಿನ ಎಲೆಗಳು ಕಾಯುವುದಿಲ್ಲ. ಒಂದು ಕಡೆ ಹಂಡೆ, ಇನ್ನೊಂದು ಕಡೆ ಮಗಳ ಎದೆ.

"ತಪ್ಪು ನನ್ನದು ಅಂತ ಮೈಕಿನ ಮುಂದೆ ನಾನೇ ಹೇಳ್ತೀನಿ," ಅಂದ.

"ಹೇಳಿ. ನನಗೆ ಬೇಕಿದ್ದಿದ್ದು ಅಷ್ಟೇ."

ಮರುದಿನ ವೀಟೊ ಬಂತು. ಕಾರಣದ ಜಾಗದಲ್ಲಿ ಆಕೆ ಬರೆದದ್ದು ಇಷ್ಟೇ: ಈ ಕಾನೂನು ತನ್ನ ಉದ್ದೇಶವನ್ನು ಮೀರಿ ಹೋಗಿದೆ, ಹೇಗೆಂದು ಬರೆದವರೇ ವಿವರಿಸುವರು. ಉಳಿದ ಸದಸ್ಯರು ಅದನ್ನು ಕುಹಕವೆಂದು ತಿಳಿದರು.

ಮಂಗಳವಾರ ಸಭೆಗೆ ಮುಂಚೆ ಕಾರಿಡಾರಿನಲ್ಲಿ ರೂಡಿ ಪಾವ್ಲಾಕ್ ಅವನ ತೋಳು ಹಿಡಿದ. ಕಾನೂನಿಗೆ ಇಲ್ಲ ಅಂದಿದ್ದ ಮೂವರಲ್ಲಿ ರೂಡಿಯೂ ಒಬ್ಬ; ಮೇಯರ್ ಕಡೆಯವನಾದರೂ ಮೇಷ್ಟ್ರೆಂದರೆ ಅವನಿಗೆ ಅಭಿಮಾನ.

"ಏನ್ ಕೊಬ್ಬು ಆ ಹೆಂಗಸಿಗೆ! ವಿವರಿಸುವರಂತೆ! ಹೆದರಬೇಡಿ ಮೇಷ್ಟ್ರೇ, ಈ ಸಲ ನನ್ನ ಮತ ನಿಮ್ಮ ಪರ. ಮಾತು ಅಂದ್ರೆ ಮಾತು."

ಜೆರಾರ್ಡ್ ಮತ್ತೆ ಲೆಕ್ಕ ಹಾಕಿದ. ವೀಟೊ ಮುರಿಯಲು ಮೂರರಲ್ಲಿ ಎರಡು ಪಾಲು, ಅಂದರೆ ಆರು ಮತ ಬೇಕು. ತಾನು ಈಚೆ ಬಂದರೆ ಉಳಿಯುವುದು ಐದು ಎಂದು ನಿಶ್ಚಿಂತೆಯಿಂದಿದ್ದ. ಈಗ ರೂಡಿಯ ಪ್ರೀತಿ ಆರನೆಯದಾಗಿ ಬಂದು ನಿಂತಿತ್ತು. ಅಲ್ಲೇ ನಿಜ ಹೇಳಿ ತಡೆಯುವಂತಿರಲಿಲ್ಲ. ಮತದ ವಿಷಯ ಸದಸ್ಯರು ಬಾಗಿಲ ಹಿಂದೆ ಕುದುರಿಸಿಕೊಳ್ಳಬಾರದು, ಸಭೆಯಲ್ಲೇ ಆಡಬೇಕು ಎಂದು ಇದೇ ರೂಡಿಗೆ ಪಾಠ ಹೇಳಿದ್ದವನು ಅವನೇ. ಅಷ್ಟರಲ್ಲಿ ಒಳಗಿಂದ ಕರೆ ಬಂತು.

ವೀಟೊ ಮುರಿಯಬೇಕೆಂದು ಅವನ ಗುಂಪಿನ ಗ್ರೆಚೆನ್ ಹಾವರ್‌ಕ್ಯಾಂಪ್ ಸೂಚನೆ ಮಂಡಿಸಿದಳು. ಜೆರಾರ್ಡ್ ಎದ್ದು ಮೈಕನ್ನು ಎಳೆದುಕೊಂಡ.

"ವೀಟೊ ಕೇಳಿದ್ದು ನಾನೇ," ಅಂದ. "ಬಯಲಿನ ಬೆಂಕಿ ಅಂತ ಬರೆಯುವಾಗ ನನ್ನ ಕಣ್ಣಿಗೆ ಒದ್ದೆ ಎಲೆ ಮಾತ್ರ ಕಂಡಿತ್ತು. ಹಂಡೆ ಮರೆತೆ. ಒಣ ಮೇಪಲ್ ಸೌದೆ ಚೆನ್ನಾಗಿ ಉರಿಯೋವಾಗ ಬರೋ ಹೊಗೆ ಬೇರೆ, ಕೊಳೆತ ಎಲೆ ಹೊಗೆಯಾಡೋದು ಬೇರೆ. ಅದು ನನಗೆ ಗೊತ್ತು, ಮಕ್ಕಳಿಗೆ ಪಾಠ ಮಾಡ್ತೀನಿ. ಬರೆಯುವಾಗ ಮಾತ್ರ ಹೊಳೀಲಿಲ್ಲ. ಎಲೆ ಸುಡೋದಕ್ಕೆ ನಿಷೇಧ, ಹಬ್ಬದ ಹಂಡೆಗೆ ಅನುಮತಿ ಅಂತ ಹೊಸದು ಬರೆದು ಇವತ್ತೇ ಸಮಿತಿಗೆ ಕೊಟ್ಟಿದ್ದೀನಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಒಂದು ಹಂಡೆ ಸಾರಿಗೋಸ್ಕರ ಮೇಯರ್ ಮುಂದೆ ಮಂಡಿಯೂರೋದಾ?" ಅಂದಳು ಗ್ರೆಚೆನ್. "ಕಾನೂನು ಮೊದಲು ಇರಲಿ. ಹಂಡೆ ಮುಂದಿನ ವರ್ಷ ನೋಡೋಣ."

ಒಬ್ಬೊಬ್ಬರ ಹೆಸರೇ ಕೂಗಿದರು. ಜೆರಾರ್ಡ್ ತನ್ನ ಕಾನೂನಿಗೆ ತಾನೇ ಇಲ್ಲ ಅಂದ. ಗ್ರೆಚೆನ್ ಹೌದು ಅಂದಳು. ಅವಳ ಹಿಂದೆ ಗುಂಪಿನ ಉಳಿದ ನಾಲ್ವರೂ ಹೌದು, ಮೇಯರ್ ಕಡೆಯ ಇಬ್ಬರು ಇಲ್ಲ. ಐದು ಹೌದು, ಮೂರು ಇಲ್ಲ. ಕೊನೆಗೆ ಪಾವ್ಲಾಕ್.

ರೂಡಿ ತಲೆ ಕೆರೆದುಕೊಂಡ. "ಇದೊಳ್ಳೆ ಪೇಚಾಯ್ತಲ್ಲ. ನಿಮ್ಮ ಪರ ಹಾಕ್ತೀನಿ ಅಂತ ಮಾತು ಕೊಟ್ಟಿದ್ದೆ ಮೇಷ್ಟ್ರೇ. ಈಗ ನಿಮ್ಮ ಪರ ಅಂದ್ರೆ ಯಾವ ಕಡೆ?"

"ಸದಸ್ಯರು ಹೌದು ಅಥವಾ ಇಲ್ಲ ಅಷ್ಟೇ ಹೇಳಬೇಕು," ಅಂದ ಅಧ್ಯಕ್ಷ.

"ಹೇಳ್ತೀನಿ ಇರ್ರೀ, ಬೂಯಾ ಆರಿಹೋಗ್ತಾ ಇದ್ಯಾ? ಬರ್ಕೊಳ್ಳಿ, ನನ್ನದು ಇಲ್ಲ."

ಆರಕ್ಕೆ ಒಂದು ಕಡಿಮೆ. ವೀಟೊ ನಿಂತಿತು. ಜೆರಾರ್ಡ್ ಮೈಕನ್ನು ಪಕ್ಕಕ್ಕೆ ಸರಿಸಿದ. ಸೋತು ಇಷ್ಟು ಹಗುರಾಗಬಹುದೆಂದು ಅವನು ಎಣಿಸಿರಲಿಲ್ಲ. ಪಕ್ಕದಿಂದ ಗ್ರೆಚೆನ್ ಸಿಡುಕಿದಳು: "ಹೊಸದರಲ್ಲಿ ಎಲೆಗೆ ಒಂದು ಸಂದೂ ಬಿಡಬೇಡ. ಬಿಗಿಯಾಗಿ ಬರೆದಿದ್ರೆ ನನ್ನ ಮತ ಇದೆ."

"ನಂದೂ," ಅಂದ ರೂಡಿ. "ಹಂಡೆ ಉಳೀತಲ್ಲ, ಇನ್ನೇನು?"

ಭಾನುವಾರ ಚರ್ಚಿನ ಅಂಗಳದಲ್ಲಿ ಹಂಡೆಗಳು ಕೊತಕೊತ ಕುದಿಯುತ್ತಿದ್ದವು. ಜನ ಬೂಯಾ ಮನೆಗೊಯ್ಯಲು ಐಸ್‌ಕ್ರೀಮಿನ ಖಾಲಿ ಬಕೆಟ್ಟು ಹಿಡಿದು ಸಾಲಿನಲ್ಲಿದ್ದರು; ಮೇಯರ್ ಲಿಂಡ್‌ಕ್ವಿಸ್ಟ್‌ಳ ಕೈಯಲ್ಲಿ ಎರಡು ಬಕೆಟ್ಟುಗಳಿದ್ದವು. ಜೆರಾರ್ಡ್ ಬೆರಳು ಒದ್ದೆ ಮಾಡಿ ಗಾಳಿ ನೋಡಿದ. ಹೊಗೆ ಕೊಲ್ಲಿಯ ಕಡೆ ಹೋಗುತ್ತಿತ್ತು. ಈಚೆ ಬದಿಯ ಬೆಂಚಿನ ಮೇಲೆ ಜೋಸೆಟ್ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಗೆಳತಿಯ ಜೊತೆ ನಗುತ್ತಿದ್ದಳು, ಭುಜ ಎತ್ತದೆ.

ಒಡೀಲ್ ಹುಟ್ಟನ್ನು ಅವನ ಕಡೆ ಚಾಚಿದಳು.

"ಬನ್ನಿ ಅಳಿಯಂದಿರೇ, ಒಂದು ಗಂಟೆ ಕಲಕಿ. ತಳ ಹತ್ತಬಾರದು. ಹತ್ತಿದ್ರೆ ಈ ಸಲ ನನ್ನದೇ ವೀಟೊ, ಅದನ್ನ ಮುರಿಯೋಕೆ ಯಾವ ಸಭೆಯಿಂದಲೂ ಆಗಲ್ಲ."

ಅವನು ಅಂಗಿಯ ತೋಳು ಮಡಚಿ ಕಲಕತೊಡಗಿದ.